ಮಗ್ಗುಲಿನ ಹಾಜರಿ

ಬಸ್ಸಿನಲ್ಲಿ ಕುಳಿತರೆ ನನಗೊಂದು ಕೆಟ್ಟ ಅಭ್ಯಾಸ. ಕಿಟಕಿಯ ಸೀಟು ಸಿಕ್ಕರೂ ಹೊರಗೆ ನೋಡುವುದಿಲ್ಲ, ಪಕ್ಕದವರನ್ನು ನೋಡುತ್ತೇನೆ. ಅವರ ಸೀರೆಯ ಬಣ್ಣ, ತೊಡೆಯ ಮೇಲಿನ ಚೀಲ, ಕಾಲಿನ ಚಪ್ಪಲಿ ಎಲ್ಲವನ್ನೂ ಒಮ್ಮೆ ಕಣ್ಣಾಡಿಸಿ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ಇವಳು ಕಿಸೆಗಳ್ಳಿಯೇ ಇರಬೇಕೆಂದು ನೀವು ಅಂದುಕೊಂಡರೆ ಅದು ನಿಮ್ಮ ತಪ್ಪಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡು ಚೀಲವನ್ನು ಆಚೆ ಸರಿಸಿಕೊಂಡಿದ್ದಾರೆ.

ಮೊನ್ನೆ ಹಿರೇಕೆರೂರಿನಿಂದ ಬರುವಾಗ ನನ್ನ ಪಕ್ಕದಲ್ಲಿ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ಕುಳಿತಿದ್ದರು. ನಡುವೆ ಯಾವುದೋ ಊರಲ್ಲಿ ಬಸ್ಸು ನಿಂತಿತು, ಅವರು ಇಳಿದರು, ಬಸ್ಸು ಹೊರಟಿತು. ನನ್ನ ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ.

"ಹೋಲ್ಡಾನ್ ರೀ, ನನ್ನ ಮಗ್ಗಲದವರು ಬಂದಿಲ್ಲ."

ಬಸ್ಸು ನಿಂತಿತು. ಕಂಡಕ್ಟರ್ ಹಿಂದೆ ಬಂದರು. "ಯಾರ್ರೀ ಅವರು, ನಿಮ್ಮ ಅವ್ವಾರಾ?"

"ಅಲ್ರಿ."

"ಅತ್ತೀನಾ?"

"ಗೊತ್ತಿಲ್ರಿ."

"ಗೊತ್ತಿಲ್ಲದ ಅತ್ತೀನ ಕಾಯಾಕ ನಾವು ಬಸ್ಸು ನಿಲ್ಲಸಬೇಕೇನ್ರಿ?"

ಅಷ್ಟರಲ್ಲಿ ಆ ಹೆಂಗಸೇ ಕಿಟಕಿಯ ಕೆಳಗೆ ಬಂದು ನನ್ನನ್ನು ಕರುಣೆಯಿಂದ ನೋಡಿದರು. "ಯವ್ವಾ, ಇದ ನಮ್ಮ ಊರು. ನಾ ಮನೀಗೆ ಹೋಗಾಕ ಇಳದೇನಿ. ನೀನೂ ಇಳೀತಿಯೇನ? ಚಾ ಕುಡದು ಮುಂದಿನ ಬಸ್ಸಿಗೆ ಹೋಗೀಯಂತ."

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆದರೆ ನನ್ನ ಅಂಗೈ ಬೆವೆತಿತ್ತು. ಆ ಬೆವರಿನ ಕಾರಣ ಬಸ್ಸಿನವರಿಗೆ ಹೇಳಿದರೆ ಹಾನಗಲ್ ಮುಟ್ಟುವವರೆಗೂ ಮುಗಿಯುತ್ತಿರಲಿಲ್ಲ. ನಿಮಗಾದರೆ ಹೇಳಬಹುದು. ನೀವು ಎಲ್ಲಿಯೂ ಇಳಿಯಬೇಕಾಗಿಲ್ಲ.

ಈ ಕತೆಯನ್ನು ಒಂದು ಸಲ ಹೇಳಬಾರದ ಕಡೆಯಲ್ಲಿ ಹೇಳಿದ್ದೇನೆ. ನಾನು ಓದಿದ ಶಿಗ್ಗಾಂವದ ಕಾಲೇಜಿಗೆ ಹೋದ ವರ್ಷ ಕರೆದಿದ್ದರು. ಈಗಿನ ವಿದ್ಯಾರ್ಥಿಗಳಲ್ಲಿ ಯಾರಿಗೂ ಶಿಕ್ಷಕರಾಗುವ ಮನಸ್ಸಿಲ್ಲ, ನೀವು ನಾಲ್ಕು ಮಾತು ಹೇಳಿ ಹುರಿದುಂಬಿಸಬೇಕು ಎಂದು ಪ್ರಾಚಾರ್ಯರು ಫೋನು ಮಾಡಿದ್ದರು. ನಾನು ಒಳ್ಳೊಳ್ಳೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಶಿಕ್ಷಕ ಸಮಾಜದ ಶಿಲ್ಪಿ, ಶಿಕ್ಷಕ ಉರಿಯುವ ದೀಪ, ಇಂಥವು. ಎದ್ದು ನಿಂತೆ. ಮೈಕಿನವನು ಏನೋ ತಿರುವಿದ. ಮೈಕು ಗುಂಯ್ ಎಂದಿತು. ಶಿಲ್ಪಿಯೂ ಹೋಯಿತು, ದೀಪವೂ ಹೋಯಿತು. ನನ್ನ ಬಲಗೈ ಮೈಕಿನ ಕಂಬವನ್ನು ಚಿಲಕ ಹಿಡಿದ ಹಾಗೆ ಹಿಡಿದುಕೊಂಡಿತು. ಆಮೇಲೆ ನಾನು ಹೇಳಿದ್ದು ಹೆಜ್ಜೇನಿನ ಕತೆ ಮಾತ್ರ. ಮುಗಿದ ಮೇಲೆ ಪ್ರಾಚಾರ್ಯರು ಮೆಲ್ಲಗೆ, "ಉದ್ಯೋಗದ ಬಗ್ಗೆ ಹೇಳ್ರಿ ಅಂದ್ರ ನೀವು ಹುಳದ ಬಗ್ಗೆ ಹೇಳಿದ್ರಲ್ರೀ," ಎಂದರು. ಸಭೆಯಲ್ಲಿ ಮಾತ್ರ ಯಾರೂ ಎದ್ದು ಹೋಗಿರಲಿಲ್ಲ. ಪ್ರಾಚಾರ್ಯರು ಬಾಗಿಲಲ್ಲೇ ಕುಳಿತಿದ್ದದ್ದೂ ಅದಕ್ಕೆ ಕಾರಣವಿರಬಹುದು.

ಅದೇ ಕಾಲೇಜಿನಲ್ಲಿ ಓದುವಾಗ ನಾನು ಹಾಜರಿಯ ವಿಷಯದಲ್ಲಿ ಪ್ರವೀಣೆ. ನನ್ನ ಹಾಜರಿಯಲ್ಲ, ಬೇರೆಯವರದು. ಸಿನಿಮಾಕ್ಕೆ ಹೋದ ಗೆಳತಿಯರ ಪರವಾಗಿ ಹಿಂದಿನ ಬೆಂಚಿನಿಂದ 'ಎಸ್ ಸರ್' ಎನ್ನುವುದು ನನ್ನ ಕೆಲಸ. ಕವಿತಾಳಿಗೆ ಸಣ್ಣ ಧ್ವನಿ, ರೇಖಾಳಿಗೆ ಮೂಗು ಕಟ್ಟಿದ ಧ್ವನಿ. "ರೇಖಾಗ ಬ್ಯಾಸಗ್ಯಾಗೂ ನೆಗಡೇನವಾ?" ಎಂದು ಒಬ್ಬ ಸರ್ ಕೇಳಿದ್ದುಂಟು. ನಾನು ಅದೇ ಮೂಗಿನಲ್ಲಿ, "ಅಲರ್ಜಿ ರೀ ಸರ್," ಎಂದಿದ್ದೆ.

ಇಂಥವಳನ್ನು ಕಾಲೇಜಿನವರು ಕೊನೆಯ ವರ್ಷ ಹಾನಗಲ್ ಕಡೆಯ ಒಂದು ಹಳ್ಳಿಯ ಶಾಲೆಗೆ ಕಳಿಸಿದರು. ಕೆಲವು ದಿನ ಪಾಠ ಮಾಡಿ ನೋಡಿ, ರುಚಿ ಹತ್ತಿದರೆ ಹತ್ತಲಿ ಎಂಬ ಯೋಜನೆ. ನನಗೆ ಯಾವ ರುಚಿಯೂ ಬೇಕಿರಲಿಲ್ಲ. ನಾನು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೆ. ಸವಣೂರಿನಲ್ಲಿ ನಮ್ಮಪ್ಪನದು ಕರಿದ ಖಾರದ ತಿಂಡಿಯ ಅಂಗಡಿ. ಜೀವಮಾನವಿಡೀ ಎಣ್ಣೆಯ ಬಾಣಲೆಯ ಮುಂದೆ ಕುದಿದ ಅಪ್ಪನಿಗೆ ಜಗತ್ತಿನ ನೌಕರಿಗಳನ್ನು ಅಳೆಯಲು ಒಂದೇ ಅಳತೆ.

"ಬ್ಯಾಂಕಿನಾಗ ತಲೀ ಮ್ಯಾಲೆ ಫ್ಯಾನು ಇರ್ತೈತಿ," ಎನ್ನುತ್ತಿದ್ದ. "ಸಾಲ್ಯಾಗ ಏನೈತಿ? ಬರೇ ಹುಡುಗರು ಇರ್ತಾವ."

ನನಗೂ ಅದು ಸರಿ ಎನಿಸಿತ್ತು.

ಶಾಲೆಯಲ್ಲಿ ನನ್ನನ್ನು ಒಪ್ಪಿಸಿಕೊಂಡವರು ನೀಲಮ್ಮ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರು ಎಲ್ಲರಿಗೂ ಅಕ್ಕೋರು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ದಪ್ಪ ಕನ್ನಡಕ, ಎಂದೂ ಏರದ ಧ್ವನಿ. ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮರೆತು, ಮೇಜಿನ ಕೆಳಗೆಲ್ಲ ಹುಡುಕುತ್ತಿದ್ದರು. ಮಕ್ಕಳು ಹೇಳುತ್ತಿರಲಿಲ್ಲ. ಹುಡುಕುವಷ್ಟು ಹೊತ್ತು ಲೆಕ್ಕ ಮುಂದೆ ಹೋಗುವುದಿಲ್ಲವಲ್ಲ.

ಅವರ ತರಗತಿಯಲ್ಲಿ ಮೊದಲ ದಿನವೇ ನನ್ನ ಜಂಬ ಇಳಿಯಿತು. ನೆಲಕ್ಕೆ ದೊಡ್ಡದೊಂದು ಜಮಖಾನ ಹಾಸಿ, ಮಕ್ಕಳೆಲ್ಲ ಅದರ ಮೇಲೆ ದುಂಡಗೆ ಕುಳಿತಿದ್ದರು. ಅಕ್ಕೋರೂ ಆ ದುಂಡಿನಲ್ಲೇ ಕುಳಿತರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹೆಸರು ಕರೆಯಲಿಲ್ಲ. "ಹಾಜರಿ," ಎಂದರು, ಅಷ್ಟೇ. ಮಕ್ಕಳು ಶುರು ಮಾಡಿದರು. ಯಾರೂ ತಮ್ಮ ಹಾಜರಿ ಹೇಳಲಿಲ್ಲ, ಪಕ್ಕದವರದನ್ನು ಹೇಳಿದರು.

"ಬಸು ಬಂದಾನ್ರಿ. ತಲಿಗೆ ಎಣ್ಣಿ ಹಚ್ಚಿಲ್ರಿ."

"ಜುಬೇದಾ ಬಂದಾಳ್ರಿ. ಕಣ್ಣು ಕೆಂಪಾಗ್ಯಾವ್ರಿ."

"ಪ್ರಕಾಶ ಬಂದಿಲ್ರಿ. ಅವರ ಎಮ್ಮಿ ಈದೈತ್ರಿ. ಇವತ್ತು ಗಿಣ್ಣ ತಿಂದು ನಾಳಿ ಬರ್ತಾನ್ರಿ."

ಇದು ನನ್ನ ಪ್ರಾಕ್ಸಿಯೇ ಅಲ್ಲವೇ ಎಂದು ಒಳಗೊಳಗೇ ನಗುತ್ತಿದ್ದೆ. ನಗು ಬಹಳ ಹೊತ್ತು ಉಳಿಯಲಿಲ್ಲ. ಮಲ್ಲೇಶ ಎಂಬ ಗುಂಗುರು ಕೂದಲಿನ ಹುಡುಗ ತನ್ನ ಪಕ್ಕದ ರೇಣುಕಾಳ ಹಾಜರಿ ಹೇಳಿದ. ಎರಡು ಜಡೆಯ ರೇಣುಕಾ ನನ್ನ ಕಡೆ ತಿರುಗಿ, ಮೇಲಿಂದ ಕೆಳಗೆ ನೋಡಿ, ವರದಿ ಒಪ್ಪಿಸಿದಳು.

"ಕಾಲೇಜ ಟೀಚರ್ ಬಂದಾರ್ರಿ. ಗಳಿಗಿಗೊಮ್ಮೆ ಕೈಗಡಿಯಾರ ನೋಡಾಕತ್ತಾರ್ರಿ."

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಈಗ ನನ್ನ ಸರದಿ. ನನ್ನ ಪಕ್ಕದಲ್ಲಿ ಅಕ್ಕೋರು. ಏನು ಹೇಳಬೇಕೆಂದು ತೋಚದೆ, "ಅಕ್ಕೋರು ಬಂದಾರ. ಸುಣ್ಣದ ತುಂಡು ಕಿವೀ ಹಿಂದೈತಿ," ಎಂದುಬಿಟ್ಟೆ. ಅವತ್ತು ಮಧ್ಯಾಹ್ನದವರೆಗೆ ಮಕ್ಕಳು ನನ್ನೊಂದಿಗೆ ಮಾತು ಬಿಟ್ಟರು.

ಇದು ಯಾಕೆ ಹೀಗೆ ಎಂದು ಊಟದ ಹೊತ್ತಿಗೆ ಕೇಳಿದೆ. ಅಕ್ಕೋರು ರೊಟ್ಟಿ ಮುರಿಯುತ್ತ ಹೇಳಿದರು. "ನಾ ಒಬ್ಬಾಕೆ ಅದೇನಿ ತಂಗಿ. ಇಷ್ಟು ಹುಡುಗರನ್ನ ನೋಡಾಕ ನನ್ನ ಕಣ್ಣು ಸಾಲವಲ್ಲವು, ಅವೂ ಕನ್ನಡಕದ್ದು. ಅದಕ ಅವರ ಕಣ್ಣು ಕಡಾ ಇಸಗೊಂಡೇನಿ. ತನ್ನ ಸುದ್ದಿ ಹೇಳಾಕ ಎಲ್ಲಾರಿಗೂ ಬರ್ತೈತಿ. ಮಗ್ಗಲದವರ ಸುದ್ದಿ ಹೇಳಬೇಕಂದ್ರ ನೋಡಬೇಕಾಗ್ತೈತಿ."

"ಸುಳ್ಳು ಹೇಳಿದ್ರ?" ಎಂದೆ. ಅನುಭವದ ಪ್ರಶ್ನೆ.

"ಹೇಳಲಿ. ಖರೇ ಮಾಡಬೇಕು ಅಷ್ಟ."

ಅದರ ಅರ್ಥ ಮರುದಿನ ತಿಳಿಯಿತು. ರೇಣುಕಾಳ ಜಾಗ ಖಾಲಿಯಿತ್ತು. ಅವಳಿಗೆ ಬೈಗುಳ ತಪ್ಪಲಿ ಎಂದೋ ಏನೋ, ಮಲ್ಲೇಶ ಗಂಭೀರವಾಗಿ, "ರೇಣುಕಾ ಬಂದಾಳ್ರಿ," ಎಂದ. ಅಕ್ಕೋರು ಸಿಟ್ಟಾಗಲಿಲ್ಲ. "ಬಂದಾಳಾ? ಹಂಗಾರ ಕರಕೊಂಡು ಬಾ," ಎಂದರು. ಅವನು ಎದ್ದು ಹೋದ. ನಾವು ಮಗ್ಗಿ ಹೇಳುತ್ತ ಕಾದೆವು. ಸ್ವಲ್ಪ ಹೊತ್ತಿಗೆ ಅರ್ಧ ಜಡೆ ಹಾಕಿದ, ಅರ್ಧ ಹಾಕದ ರೇಣುಕಾಳನ್ನು ಮುಂದೆ ಬಿಟ್ಟುಕೊಂಡು ಮಲ್ಲೇಶ ಬಾಗಿಲಲ್ಲಿ ನಿಂತ. ಕಾಲೇಜಿನಲ್ಲಿ ಇಂಥದೊಂದು ನಿಯಮವಿದ್ದಿದ್ದರೆ ಕವಿತಾಳನ್ನೂ ರೇಖಾಳನ್ನೂ ಟಾಕೀಜಿನಿಂದ ಎಳೆದು ತರುವುದರಲ್ಲೇ ನನ್ನ ಪದವಿ ಮುಗಿಯುತ್ತಿತ್ತು.

ಈಗ ಆ ದಿನಕ್ಕೆ ಬರಲೇಬೇಕು. ಬರಲು ಮನಸ್ಸಿಲ್ಲದ್ದರಿಂದಲೇ ಇಷ್ಟು ಸುತ್ತಾಡಿದೆ.

ಶಾಲೆಯ ಅಂಗಳದ ತುದಿಯಲ್ಲಿ ಒಂದು ಹಳೆಯ ಅರಳಿಮರ. ಅದರ ಎತ್ತರದ ಕೊಂಬೆಯಲ್ಲಿ ಮೊರದಗಲದ ಹೆಜ್ಜೇನು ಕಟ್ಟಿತ್ತು. ಊರಿನವರಿಗೆ ಅದು ಕಣ್ಣಿಗೆ ಬಿದ್ದೂ ಬೀಳದಷ್ಟು ಹಳೆಯ ನೋಟ. ಮರದ ಆಚೆ ನೀರಿನ ನಲ್ಲಿ. ಅಲ್ಲಿಂದ ಶಾಲೆಗೆ ಬರಲು ಎರಡು ದಾರಿ. ಒಂದು ಗೇಟಿನ ಕಡೆಯಿಂದ ನೇರ. ಇನ್ನೊಂದು, ದನಗಳಿಗೆ ನೀರಿಡುವ ಕಲ್ಲಿನ ದೋಣಿಯ ಕಡೆಯಿಂದ ಸುತ್ತು. ಅಂದು ನಾನು ಮಕ್ಕಳನ್ನು ಹೊರಗೆ ಕರೆತಂದು ಬಿಸಿಲಲ್ಲಿ ನೆರಳು ಅಳೆಯುವ ಪಾಠ ಮಾಡುತ್ತಿದ್ದೆ. ಪಾಠ ಚೆನ್ನಾಗಿಯೇ ನಡೆದಿತ್ತು. ನನ್ನ ನೆರಳು ಎಲ್ಲರದಕ್ಕಿಂತ ಗಿಡ್ಡ ಬರಲಿ ಎಂದು ಮಕ್ಕಳು ಪಟ್ಟಿಯನ್ನು ಎಳೆದೆಳೆದು ಮೋಸ ಮಾಡುತ್ತಿದ್ದರು.

ಒಂದು ಹದ್ದು ಬಂದು ಜೇನಿಗೆ ಹೊಡೆಯಿತು. ನಾನು ಅದನ್ನು ನೋಡಿದೆ. ಕೊಂಬೆಯಿಂದ ಕಪ್ಪು ಬಟ್ಟೆ ಕಳಚಿ ಬಿದ್ದಂತೆ ಕಂಡಿತು. ಆ ಬಟ್ಟೆ ನೆಲ ಮುಟ್ಟದೆ ಗಾಳಿಯಲ್ಲೇ ಹರಡಿತು. ಆಮೇಲೆ ಸದ್ದು. ನಮ್ಮಪ್ಪ ಕಾದ ಎಣ್ಣೆಗೆ ಖಾರದ ಹಿಟ್ಟು ಒತ್ತಿದಾಗ ಬಾಣಲೆಯಿಂದ ಏಳುವ ಸದ್ದು, ಆದರೆ ಆಕಾಶದ ತುಂಬ. ಮಕ್ಕಳು ನನ್ನ ಮುಖ ನೋಡಿದರು. ಪದವಿಯ ಕೊನೆಯ ವರ್ಷದಲ್ಲಿದ್ದ, ಕೀಟಗಳ ಬಗ್ಗೆ ಒಂದು ಇಡೀ ಪತ್ರಿಕೆ ಬರೆದು ಪಾಸಾಗಿದ್ದ ನನಗೆ ಬಾಯಿಯೇ ಬರಲಿಲ್ಲ.

ಪಡಸಾಲೆಯಿಂದ ನೀಲಮ್ಮ ಅಕ್ಕೋರ ಧ್ವನಿ ಕೇಳಿತು. ಕೂಗಲಿಲ್ಲ. ಊಟಕ್ಕೆ ಕರೆಯುವ ಹಾಗೆ ಅಂದರು. "ಮಗ್ಗಲದವರ ಕೈ ಹಿಡೀರಿ. ತಲೀ ಮ್ಯಾಲೆ ಅಂಗಿ ಎಳಕೋರಿ. ಒಳಗ ಬರ್ರಿ."

ಮಕ್ಕಳು ಜೋಡಿ ಜೋಡಿಯಾಗಿ ನುಗ್ಗಿದರು. ನನ್ನ ಕೈಯನ್ನು ಯಾರೋ ಹಿಡಿದಿದ್ದರು, ಇಲ್ಲದಿದ್ದರೆ ನಾನು ಅಲ್ಲೇ ನಿಂತಿರುತ್ತಿದ್ದೆ. ಒಳಗೆ ಬಂದ ಕೂಡಲೇ ಅಕ್ಕೋರು ಬಾಗಿಲು ಹಾಕಿದರು, ಕಿಟಕಿ ಮುಚ್ಚಿಸಿದರು, ದೀಪ ಆರಿಸಿದರು. ಒಳಗೆ ಸೇರಿದ್ದ ಕೆಲವು ಹುಳಗಳನ್ನು ಸೆರಗಿನಿಂದ ಒರೆಸಿ ಹಾಕಿದರು. ಒಬ್ಬಿಬ್ಬರು ಅಳುತ್ತಿದ್ದರು. ಕತ್ತಲಲ್ಲಿ ಅಕ್ಕೋರ ಧ್ವನಿ ಮತ್ತೆ ಬಂತು.

"ಹಾಜರಿ."

ಬಸು ಬಂದಾನ್ರಿ, ಕಿವೀಗೆ ಕಡಿದೈತ್ರಿ. ಜುಬೇದಾ ಬಂದಾಳ್ರಿ. ಪ್ರಕಾಶ ಬಂದಾನ್ರಿ, ಉಚ್ಚಿ ಹೊಯ್ಕೊಂಡಾನ್ರಿ. ಹೀಗೆ ಸುತ್ತಿಕೊಂಡು ಹಾಜರಿ ಮಲ್ಲೇಶನ ಬಳಿ ಬಂದು ನಿಂತಿತು.

"ರೇಣುಕಾ ಇಲ್ರಿ."

ಅಕ್ಕೋರು ಅವನ ಹತ್ತಿರ ಬಂದರು.

"ಎಲ್ಲಿ ಅದಾಳ?"

"ನೀರು ಕುಡಿಯಾಕ ಹೋಗಿದ್ಲ್ರಿ."

"ಗೇಟಿನ ಕಡೆ ಬರ್ತಾಳೋ, ದೋಣಿ ಕಡೆ ಬರ್ತಾಳೋ?"

"ದೋಣಿ ಕಡೆ ರೀ," ಎಂದ ಮಲ್ಲೇಶ, ಒಂದಿಷ್ಟೂ ತಡವರಿಸದೆ. "ಆಕಿ ಎಡಗಾಲ ಚಪ್ಪಲಿ ಹರದೈತ್ರಿ, ಪಿನ್ನು ಚುಚ್ಚ್ಯಾಳ್ರಿ. ಗೇಟಿನ ಕಡೆ ಕಡಿಕಲ್ಲು ಹಾಸ್ಯಾರ್ರಿ, ಕಾಲಿಗೆ ಚುಚ್ಚತಾವಂತ ನಿನ್ನೀನೂ ಸುತ್ತು ಹೊಡದು ಬಂದ್ಲ್ರಿ."

ಅಕ್ಕೋರು ಮಕ್ಕಳನ್ನು ಗೋಡೆಗೆ ಸರಿಸಿ ನೆಲದ ಜಮಖಾನ ಎಳೆದುಕೊಂಡರು. ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡರು. ನನ್ನ ಕೈಯನ್ನು ಹಿಡಿದು ಬಾಗಿಲ ಚಿಲಕದ ಮೇಲಿಟ್ಟರು.

"ನಾ ಹೋದ ಕೂಡ್ಲೇ ಹಾಕ್ರಿ. ನನ್ನ ದನಿ ಕೇಳೂತನ ತಗೀಬ್ಯಾಡ್ರಿ, ಏನಾದ್ರೂ ಆಗ್ಲಿ. ಈ ಹುಡುಗರು ನಿಮ್ಮ ಕೈಯಾಗ ಅದಾವು."

"ನಾನೂ ಬರ್ತೇನ್ರಿ," ಎಂದೆ. ಅದು ಧೈರ್ಯವಲ್ಲ. ಆ ಕೋಣೆಯಲ್ಲಿ ಅವರಿಲ್ಲದೆ ನಿಲ್ಲುವುದಕ್ಕಿಂತ ಹೊರಗೆ ಅವರ ಜೊತೆಗಿರುವುದು ಕಡಿಮೆ ಭಯದ್ದೆನಿಸಿತ್ತು.

"ಹುಚ್ಚ ಹುಡುಗಿ," ಎಂದು ಹೇಳಿ ಹೋದರು.

ಆ ಚಿಲಕ ಕಬ್ಬಿಣದ್ದು, ತಣ್ಣಗಿತ್ತು, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಈಗಲೂ ಯಾವ ಬಾಗಿಲು ಹಾಕುವಾಗಲೂ ನನ್ನ ಬೆರಳು ಆ ಬಾಗನ್ನು ಹುಡುಕುತ್ತದೆ. ಹೊರಗಿನಿಂದ ಬಾಗಿಲಿಗೆ ಹುಳಗಳು ಬಡಿಯುತ್ತಿದ್ದವು, ಹಿಡಿ ಹಿಡಿ ಉಸುಕು ಎರಚಿದ ಹಾಗೆ. ಅಕ್ಕೋರ ದನಿ ಇಲ್ಲ, ರೇಣುಕಾಳ ದನಿ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ. ಗಳಿಗೆಗೊಮ್ಮೆ ಗಡಿಯಾರ ನೋಡುವವಳು ಒಮ್ಮೆಯೂ ನೋಡಲಿಲ್ಲ.

ಅಳುವ ಮಕ್ಕಳನ್ನು ಸುಮ್ಮನಿರಿಸಲು ನನಗೆ ಏನೂ ಗೊತ್ತಿರಲಿಲ್ಲ. ಅವರಿಗೇ ಗೊತ್ತಿತ್ತು. ಕತ್ತಲಲ್ಲಿ ತಾವಾಗಿಯೇ ಮತ್ತೆ ಹಾಜರಿ ಶುರು ಮಾಡಿದರು. ಪಿಸುದನಿಯಲ್ಲಿ ಒಬ್ಬರಾದ ಮೇಲೊಬ್ಬರು. ಮಲ್ಲೇಶನ ಹತ್ತಿರ ಬಂದಾಗ ಅವನು ರೇಣುಕಾಳ ಹೆಸರು ಹೇಳಲಿಲ್ಲ. ನನ್ನ ಸೆರಗು ಜಗ್ಗಿದ.

"ನೀವು ಹೇಳ್ರಿ."

"ಏನಪಾ?"

"ಅಕ್ಕೋರು ನಿಮ್ಮ ಮಗ್ಗಲಕ ಕುಂದರ್ತಾರ್ರಿ. ಅವರ ಹಾಜರಿ ನಿಮ್ಮದ್ರಿ."

ಮೂರು ವರ್ಷ ಯಾರ್ಯಾರದೋ ಹಾಜರಿಯನ್ನು ಯಾವ್ಯಾವುದೋ ಧ್ವನಿಯಲ್ಲಿ ಹೇಳಿದ ನನ್ನ ಗಂಟಲಿನಿಂದ ಒಂದು ಮಾತು ಹೊರಡಲಿಲ್ಲ. ಬಂದಾರೆ ಎಂದರೆ ಸುಳ್ಳು. ಬಂದಿಲ್ಲ ಎಂದರೆ ಅದು ಖರೆಯಾಗಿಬಿಟ್ಟರೆ?

ಆಗ ಬಾಗಿಲ ಬುಡದಲ್ಲಿ ಏನೋ ದೊಪ್ಪನೆ ಬಿದ್ದ ಸದ್ದಾಯಿತು. "ತಗೀರಿ ತಂಗಿ." ಧ್ವನಿ ಏರಿರಲಿಲ್ಲ, ಹರಿದಿತ್ತು. ಚಿಲಕ ತೆಗೆದೆ. ಜಮಖಾನದ ಗಂಟೊಂದು ಒಳಗೆ ಉರುಳಿತು, ಹಿಂದೆಯೇ ಅಕ್ಕೋರು. ಮತ್ತೆ ಹಾಕಿದೆ. ಗಂಟು ಬಿಚ್ಚಿದರೆ ಒಳಗೆ ತೊಯ್ದು ತೊಪ್ಪೆಯಾದ ರೇಣುಕಾ. ಕಲ್ಲಿನ ದೋಣಿಯ ನೀರಿನಲ್ಲಿ ಕುತ್ತಿಗೆಯವರೆಗೆ ಕುಳಿತು, ಲಂಗವನ್ನು ತಲೆಯ ಮೇಲೆ ಎಳೆದುಕೊಂಡಿದ್ದಳಂತೆ. ಅವಳಿಗೆ ಅಲ್ಲೊಂದು ಇಲ್ಲೊಂದು ಕಡಿದಿತ್ತು. ಹುಳ ನುಸುಳದಂತೆ ಸುತ್ತಿ ಸುತ್ತಿ ಹೊದೆಯಬೇಕೆಂದರೆ ಅಷ್ಟು ದೊಡ್ಡ ಜಮಖಾನವೂ ಒಬ್ಬರಿಗೇ ಸಾಕಾಗುತ್ತಿತ್ತು. ಹೋಗುವಾಗ ಅಕ್ಕೋರು ಹೊದ್ದಿದ್ದರು, ಬರುವಾಗ ಅವಳಿಗೆ ಹೊದಿಸಿದ್ದರು.

ಊರಿನವರು ಹೊಗೆ ಹಾಕಿ ಹುಳ ಚದುರಿಸಿ, ಅಕ್ಕೋರನ್ನು ಹಾನಗಲ್ಲಿನ ಆಸ್ಪತ್ರೆಗೆ ಒಯ್ದರು. ಮುಖವೆಂಬುದೇ ಉಳಿದಿರಲಿಲ್ಲ. ಮೊದಲ ದಿನ ಡಾಕ್ಟರೂ ಏನೂ ಹೇಳಲಿಲ್ಲ. ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು, ಹೇಳದೆ ಉಳಿದ ಆ ಹಾಜರಿಯನ್ನು ಬಾಯಲ್ಲಿಟ್ಟುಕೊಂಡಿದ್ದೆ. ಮರುದಿನ ಪ್ರಾಣಕ್ಕೇನೂ ಭಯವಿಲ್ಲ ಎಂದರು. ನಾನು ಸವಣೂರಿಗೆ ಬಂದೆ. ಅಪ್ಪನ ಅಂಗಡಿಯಲ್ಲಿ ಎಣ್ಣೆಗೆ ಹಿಟ್ಟು ಬಿದ್ದ ಸದ್ದಿಗೆ ಎದ್ದು ಬೀದಿಗೆ ಓಡಿದೆ. ಗಿರಾಕಿಗಳು ಎಣ್ಣೆ ಸಿಡಿಯಿತೆಂದುಕೊಂಡರು.

ಅಕ್ಕೋರು ಶಾಲೆಗೆ ಮರಳುವ ದಿನ ನಾನೂ ಹೋದೆ. ಕಾಲೇಜಿನ ಯೋಜನೆ ಮುಗಿದಿತ್ತು, ಯಾರೂ ಕರೆದಿರಲಿಲ್ಲ. ಅದೇ ಜಮಖಾನ ಒಗೆದು ಹಾಸಿದ್ದರು. ಅಕ್ಕೋರ ಒಂದು ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ಸೀಮೆಸುಣ್ಣ ಕಿವಿಯ ಹಿಂದಿತ್ತು. "ಹಾಜರಿ," ಎಂದರು.

"ರೇಣುಕಾ ಬಂದಾಳ್ರಿ," ಎಂದ ಮಲ್ಲೇಶ. "ಹೊಸಾ ಚಪ್ಪಲ್ರಿ. ಕಚ್ಚಾಕತ್ತಾವಂತ್ರಿ."

ರೇಣುಕಾ ನನ್ನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದಳು. "ಕಾಲೇಜ ಟೀಚರ್ ಬಂದಾರ್ರಿ. ಕೈಗಡಿಯಾರ ಕಟ್ಟಿಲ್ರಿ. ಇನ್ನ ಇಲ್ಲೇ ಕಲಸ್ತಾರಂತ್ರಿ."

ನಾನು ಹಾಗೆಂದು ಯಾರಿಗೂ ಹೇಳಿರಲಿಲ್ಲ. ಆದರೆ ಸರದಿ ಮುಂದೆ ಬಂದಿತ್ತು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಅಕ್ಕೋರು ಬಂದಾರ," ಎಂದೆ. ಇನ್ನೊಂದು ಮಾತು ಸೇರಿಸಬೇಕಿತ್ತು, ನಿಯಮದ ಪ್ರಕಾರ. ಸೀಮೆಸುಣ್ಣದ ಸುದ್ದಿ ಈ ಸಲ ನಾನು ಹೇಳಲಿಲ್ಲ. ಮಕ್ಕಳು ದೊಡ್ಡ ಮನಸ್ಸು ಮಾಡಿ ಬಿಟ್ಟರು.

ಅಕ್ಕೋರು ರೇಣುಕಾಳನ್ನು ನೋಡಿದರು. "ಇಲ್ಲೇ ಕಲಸ್ತೇನಂತ ಅವರು ಹೇಳ್ಯಾರೇನ?"

"ಇಲ್ರಿ," ಎಂದಳು ಅವಳು, ಯಾವ ನಾಚಿಕೆಯೂ ಇಲ್ಲದೆ.

ಅಕ್ಕೋರು ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. "ಹುಡುಗಿ ಹಾಜರಿ ಹೇಳೈತಿ ತಂಗಿ," ಎಂದರು. ಅದರ ಮುಂದಿನ ಮಾತು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳ ಮಾತು ಪೂರ್ತಿ ಖರೆಯಾಗಲಿಲ್ಲ. ಬಿ.ಎಡ್. ಮುಗಿಸಿದ ಮೇಲೆ ನನಗೆ ಸಿಕ್ಕಿದ್ದು ಆ ಶಾಲೆಯಲ್ಲ, ಹಿರೇಕೆರೂರು ಕಡೆಯ ಇನ್ನೊಂದು. ಅಲ್ಲಿಯೂ ನೆಲಕ್ಕೆ ಜಮಖಾನ ಹಾಸಿದ್ದೇನೆ. ಎಲ್ಲಿ ಕಲಿಸಿದರೂ ಕಲಿಸಿದ್ದೇ ಎಂದು ನೀಲಮ್ಮ ಅಕ್ಕೋರು ಫೋನಿನಲ್ಲಿ ಒಪ್ಪಿಕೊಂಡಿದ್ದಾರೆ. ರೇಣುಕಾ ಒಪ್ಪಿಕೊಂಡಿಲ್ಲ.

ಆದರೆ ಆ ಸಂಜೆ ಇದೊಂದೂ ಗೊತ್ತಿರಲಿಲ್ಲ. ಸವಣೂರಿಗೆ ಬಂದು ಅಂಗಡಿಗೆ ಹೋದೆ. ಅಪ್ಪ ಬಾಣಲೆಯ ಮುಂದಿದ್ದ. ಹಿಟ್ಟು ಒತ್ತಿದ. ಎಣ್ಣೆ ಭೋರೆಂದಿತು. ನಾನು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು, ಆ ಖಾರ ಬೆಂದು ಮೇಲೆ ಬರುವವರೆಗೆ ನಿಂತೆ.

"ಅಪ್ಪಾ, ನನಗ ಫ್ಯಾನು ಬ್ಯಾಡ."

ಅಪ್ಪ ಝಾರಿ ಸೌಟಿನಿಂದ ಎಣ್ಣೆ ಬಸಿಯುತ್ತ ನನ್ನ ಮುಖ ನೋಡಿದ.

"ಹುಡುಗರು ಅದಾವೇನ ಅಲ್ಲೆ?" ಎಂದ.

"ಅದಾವಪ್ಪಾ."

"ಎಲ್ಲಾ?"

"ಎಲ್ಲಾ ಅದಾವು."